ಒಂದೇ ಸಲ ಕೇಳಿದ ದನಿ

ನನ್ನ ತುಂತುಣಿ ಬೇಡವೆಂದು, ಹಾಡು ಹಿಡಿಯುವ ಯಂತ್ರದವರು ಮೊದಲ ದಿನವೇ ಹೇಳಿಬಿಟ್ಟರು. ಮೂಡಲಗಿಯ ಸಾವಕಾರರ ಹತ್ತಿಯ ಗೋದಾಮಿನಲ್ಲಿ ನಿಂತು, ನನ್ನ ಕೈಯಿಂದ ವಾದ್ಯ ತೆಗೆದುಕೊಂಡು, ಅದರ ಒಂಟಿ ತಂತಿಯನ್ನು ಒಮ್ಮೆ ಮಿಡಿದು ನೋಡಿ ತಿರುಗಿ ಕೊಟ್ಟರು.

"ಇದು ಕಹಳಿಗೆ ಕೇಳ್ಸೂದಿಲ್ಲವಾ. ಮೇಣದ ಮ್ಯಾಲ ಗೀಟ ಬೀಳೂದಿಲ್ಲ," ಎಂದರು. "ನೀ ಬ್ಯಾರೆ ಕೆಲಸಾ ಮಾಡಬೇಕು. ಅಕ್ಕಾರ ಹಿಂದ ನಿಂತು ಅವರ ಭುಜಾ ಹಿಡಕೋಬೇಕು."

ನನಗೆ ಅರ್ಥವಾಗಲಿಲ್ಲ. ಅವರು ಕರೆದೊಯ್ದು ತೋರಿಸಿದರು. ಗೋದಾಮಿನ ಒಂದು ಮೂಲೆಗೆ ಹಲಗೆಯ ಗೋಡೆ ನಿಲ್ಲಿಸಿದ್ದರು. ಅದಕ್ಕೆ ತೂತು ಕೊರೆದು ತಗಡಿನ ದೊಡ್ಡ ಕಹಳೆಯೊಂದನ್ನು ತೂರಿಸಿದ್ದರು. ಅಗಲ ಬಾಯಿ ನಮ್ಮ ಕಡೆಗೆ, ಸಣ್ಣ ತುದಿ ಗೋಡೆಯಾಚೆಗಿನ ಯಂತ್ರದ ಕಡೆಗೆ. ಕಹಳೆಯೊಳಗೆ ಹೋದ ದನಿ ಆ ತುದಿಯಲ್ಲಿರುವ ತೆಳು ಹಾಳೆಯನ್ನು ನಡುಗಿಸುತ್ತದೆ. ಹಾಳೆಗೆ ಅಂಟಿದ ಸೂಜಿ ತಿರುಗುವ ಮೇಣದ ಬಿಲ್ಲೆಯ ಮೇಲೆ ಗೀರುತ್ತ ಹೋಗುತ್ತದೆ. ಅಷ್ಟೇ. ಕರೆಂಟಿಲ್ಲ, ಮೈಕಿಲ್ಲ, ಅವೆಲ್ಲ ನಮ್ಮ ಕಡೆ ಬಂದದ್ದು ಆಮೇಲೆ. ಹಾಡುವವರ ಉಸಿರಿನ ಬಲವೇ ಸೂಜಿಯನ್ನು ದೂಡಬೇಕು. ದನಿ ಏರಿದಾಗ ಅವರನ್ನು ಹಿಂದಕ್ಕೆ ಎಳೆಯಬೇಕು, ಇಲ್ಲದಿದ್ದರೆ ಸೂಜಿ ಹಾರಿ ಬಿಲ್ಲೆ ಕೆಡುತ್ತದೆ. ಇಳಿದಾಗ ಮುಂದಕ್ಕೆ ದೂಡಬೇಕು, ಇಲ್ಲದಿದ್ದರೆ ಮೇಣ ಹಾಗೇ ನುಣುಪಾಗಿ ಉಳಿಯುತ್ತದೆ. ಹೆಂಗಸಿನ ಮೈ ಮುಟ್ಟಿ ಹೀಗೆ ಎಳೆದಾಡಲು ಹೆಂಗಸೇ ಬೇಕಿತ್ತು. ಅಕ್ಕನ ಹಾಡು ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ ಎಂಬುದು ಹಿಮ್ಮೇಳದಲ್ಲಿ ನಿಲ್ಲುತ್ತಿದ್ದ ನನಗೆ ಬಾಯಿಪಾಠ. ಹೀಗಾಗಿ ಆ ಕೆಲಸ ನನ್ನ ಪಾಲಿಗೆ ಬಂತು.

ಅಕ್ಕ ಅಂದರೆ ನನ್ನ ಒಡಹುಟ್ಟಿದವಳಲ್ಲ. ನಮ್ಮ ಸಣ್ಣಾಟದ ಮೇಳದ ನಾಯಕಿ ಪಾತ್ರ ಅವಳದು; ಮೇಳದವರೆಲ್ಲ ಅಕ್ಕ ಎಂದೇ ಕರೆಯುತ್ತಿದ್ದೆವು. ಮೊದಲು ಅವಳದು ದೊಡ್ಡ ದನಿ. ಊರಾಚೆಯ ತೋಟದಲ್ಲಿ ಮಲಗಿದವರಿಗೂ ಕೇಳುತ್ತಿತ್ತು. ಹೆಣ ಹೊರಲು ಜನ ಸಿಗದ ಆ ದೊಡ್ಡ ಜ್ವರದ ವರ್ಷ ಅವಳೂ ಹಾಸಿಗೆ ಹಿಡಿದಳು. ಉಳಿದಳು, ಆದರೆ ಎದೆಯ ಬಲ ಹೋಗಿತ್ತು. ಮೇಲಿನ ಸ್ವರಕ್ಕೆ ಉಸಿರು ಸಾಲುತ್ತಿರಲಿಲ್ಲ. ಆಗ ಅವಳು ಹಾಡುವ ರೀತಿಯನ್ನೇ ಬದಲಿಸಿಕೊಂಡಳು. ಏರಬೇಕಾದಲ್ಲಿ ನಮಗೆ ಬಿಟ್ಟುಕೊಡುವಳು. ನಾವು ಮೇಲೆ ಹೋಗಿ ನಿಂತಾಗ ಅವಳು ಕೆಳಗಿನಿಂದ, ಮಾತಿಗೂ ಹಾಡಿಗೂ ನಡುವಿನ ದನಿಯಲ್ಲಿ, ಸಾಲಿನ ಕೊನೆಯನ್ನು ಎತ್ತಿಕೊಳ್ಳುವಳು. ಮಂದಿಯತ್ತ ಎರಡು ಹೆಜ್ಜೆ ಇಟ್ಟು, ಮುಖ ವಾರೆ ಮಾಡಿ, ಕೊನೆಯ ಶಬ್ದವನ್ನು ಹೆಚ್ಚುಕಡಿಮೆ ಉಸಿರಿನಲ್ಲೇ ಹೇಳುವಳು. ಜನ ಮುಂದಕ್ಕೆ ಬಾಗುತ್ತಿದ್ದರು. ಕಡ್ಲಿ ಜಗಿಯುವವರು ಜಗಿಯುವುದನ್ನು ನಿಲ್ಲಿಸುತ್ತಿದ್ದರು. ದನಿ ಹೋದ ಮೇಲೆಯೇ ಅವಳ ಹೆಸರು ದೊಡ್ಡದಾದದ್ದು.

ಸಾವಕಾರರು ಜೈನರು. ಹತ್ತಿ, ಬೆಲ್ಲದ ವ್ಯಾಪಾರದ ಜೊತೆಗೆ ಗೋಕಾಕದಲ್ಲಿ ಗ್ರಾಮೋಫೋನ್ ಅಂಗಡಿ ಇಟ್ಟಿದ್ದರು. ನಮ್ಮ ಆಟ ತಪ್ಪಿಸಿದವರಲ್ಲ. ಮುಂಬೈ ಕಂಪನಿಯ ಯಂತ್ರದವರು ಬೆಳಗಾವಿಯಲ್ಲಿ ಕೆಲಸ ಮುಗಿಸಿ ಹೊರಟಿದ್ದಾಗ, ಉಳಿದ ಮೇಣದಲ್ಲಿ ಅಕ್ಕನ ಹಾಡು ತೆಗೆಯಿರೆಂದು ಒಪ್ಪಿಸಿ ಮೂಡಲಗಿಗೆ ಕರೆತಂದವರು ಅವರೇ. ಹತ್ತಿಯ ಅಂಡಿಗೆಗಳಿರುವಲ್ಲಿ ಹೊರಗಿನ ಸದ್ದು ಒಳಗೆ ಬಾರದು ಎಂಬುದು ಗೋದಾಮನ್ನು ಆರಿಸಿದ್ದಕ್ಕೆ ಕಾರಣ.

ಅಕ್ಕ ಮೊದಲು ಒಪ್ಪಿರಲಿಲ್ಲ. "ತಗಡಿನ ಮುಂದ ಹಾಡಾಕ ನನಗೇನ ಹುಚ್ಚ ಹಿಡದೈತೇನ್ರಿ?" ಎಂದಿದ್ದಳು. ಸಾವಕಾರರು ಸುಮ್ಮನೆ ಒಂದು ಮಾತು ಹೇಳಿದರು:

"ಹುಕ್ಕೇರ್ಯಾಗ ನಿಮ್ಮ ಅಣ್ಣಾರು ಹ್ವಾದ ದೀಪಾವಳಿಗೆ ನನ್ನ ಕಡೆನ ಒಂದು ಹಾಡೂ ಪೆಟಗಿ ತಗೊಂಡಾರ ನೋಡ್ರಿ. ಹಾಸಿಗ್ಯಾಗಿನ ತಾಯಿಗೆ ಬ್ಯಾಸರಾ ಕಳ್ಯಾಕಂತ."

ಅಕ್ಕ ಮೇಳ ಸೇರಿದ ದಿನವೇ ಅವಳ ಅಣ್ಣ ಬಾಗಿಲು ಮುಚ್ಚಿದ್ದರು. ಎರಡು ಸಲ ಹೋಗಿ ಹೊರಗಿನಿಂದಲೇ ತಿರುಗಿ ಬಂದಿದ್ದಳು. ತಾಯಿಗೆ ಲಕ್ವಾ ಹೊಡೆದು, ಕಣ್ಣೂ ಮಂಜಾಗಿ, ಗೋಡೆ ಹಿಡಿದು ಮಲಗಿದ ಸುದ್ದಿ ಮಾತ್ರ ಯಾರ್ಯಾರಿಂದಲೋ ಬರುತ್ತಿತ್ತು. ಸಾವಕಾರರ ಮಾತು ಕೇಳಿ ಅಕ್ಕ, "ನಾ ಹೋಗದ ಮನಿಗೆ ನನ್ನ ದನಿ ಹೋಗ್ತೈತಿ ಅಂದಂಗಾತು. ಆತು, ಬರ್ತೇನ್ರಿ," ಎಂದಳು.

ಬಿಲ್ಲೆಗಳು ದೊಡ್ಡ ತಾಟಿನಷ್ಟು ಅಗಲ, ಹೆಬ್ಬೆರಳಿಗಿಂತ ದಪ್ಪ, ಬೆಲ್ಲದ ಬಣ್ಣ. ಮಾಘದ ಚಳಿಗೆ ಮೇಣ ಗಟ್ಟಿಯಾಗಿ ಸೂಜಿಗೆ ಸಿಡಿಯುತ್ತಿತ್ತು. ಅದಕ್ಕೆ ಅವನ್ನೊಂದು ಕಪಾಟಿನಲ್ಲಿಟ್ಟು ಕೆಳಗೆ ಇದ್ದಿಲ ಕೆಂಡದ ಬೋಗುಣಿ ಇಟ್ಟಿದ್ದರು. ಗೋದಾಮಿನ ಬಾಗಿಲು ಮುಚ್ಚಿ, ಸಂದಿಗೆ ಕಂಬಳಿ ತುರುಕಿದರು. ಕೆಂಡದ ಕಾವು, ಹತ್ತಿಯ ಧೂಳು, ಗಾಳಿ ಇಲ್ಲ. ಬಲವಿಲ್ಲದ ಎದೆಗೆ ಅದಕ್ಕಿಂತ ಕೆಟ್ಟ ಜಾಗ ಇರಲಾರದು. ದಪ್ಪು ಬಾರಿಸುವವರನ್ನು ದೂರದ ಗೋಡೆಗೆ ಕಳಿಸಿದರು, ಅದರ ಏಟಿಗೆ ಸೂಜಿ ನೆಗೆಯುತ್ತಿತ್ತು. ಹಾರ್ಮೋನಿಯಂ ಪೇಟಿಯನ್ನು ಮೇಜಿನ ಮೇಲೆ ಏರಿಸಿ ಕಹಳೆಗೆ ಹತ್ತಿರ ತಂದರು. ತಾಳದವರು ಬೆನ್ನು ತಿರುಗಿಸಿ ನಿಲ್ಲಬೇಕಾಯಿತು.

ಮೊದಲ ಬಿಲ್ಲೆಗೆ ಅಕ್ಕ ಆಟದಲ್ಲಿ ಹಾಡುವಂತೆಯೇ ಹಾಡಿದಳು. ಅರ್ಧ ತಾಸು ನಡೆಯುವ ವಿರಹದ ಪದವನ್ನು ಮೂರು ನಿಮಿಷಕ್ಕೆ ಕತ್ತರಿಸಿದ್ದೆವು. ನಾನು ದೂಡಿದೆ, ಎಳೆದೆ. ಅವಳ ಕೈಗಳು ಅಭ್ಯಾಸದಿಂದ ಏಳುತ್ತಿದ್ದವು. ಒಂದು ಸಲ ಹೆಜ್ಜೆಯೂ ಕಿತ್ತಳು. ನಾನು ಹಿಡಿದು ನಿಲ್ಲಿಸಿದೆ. ಮುಗಿದ ಮೇಲೆ ಯಂತ್ರದವರು, "ಇದನ್ನ ಈಗ ಹಚ್ಚಿ ಕೇಳ್ಸತೇನಿ," ಎಂದರು. "ಹಸಿ ಮೇಣ. ಒಮ್ಮೆ ಕೇಳಿದ್ರ ಗೀಟೆಲ್ಲಾ ಹರದ ಹೋಗ್ತಾವು. ಆದ್ರ ತಪ್ಪ ಎಲ್ಲೈತಿ ಅಂತ ನಿಮಗೂ ಗೊತ್ತಾಗ್ಲಿ."

ಕಹಳೆಯಿಂದ ದನಿ ಬಂತು. ಪೇಟಿ ಡಬ್ಬಿಯೊಳಗಿನ ಕಣಜದ ಹಾಗೆ. ಅಕ್ಕನ ಸಾಲಿನ ಮೊದಲ ಒಂದೆರಡು ಶಬ್ದ, ಆಮೇಲೆ ಸೊಂಯ್ ಎನ್ನುವ ಸದ್ದು, ಮತ್ತೆ ಮುಂದಿನ ಸಾಲಿನ ಮೊದಲ ಶಬ್ದ. ಜನ ಬಾಗಿ ಕೇಳುತ್ತಿದ್ದ ಕೊನೆಗಳು ಒಂದೂ ಇರಲಿಲ್ಲ. ಅಕ್ಕ ತನ್ನ ದನಿಯನ್ನು ಹೊರಗಿನಿಂದ ಕೇಳಿದ್ದು ಅದೇ ಮೊದಲು.

"ಇವಳ್ಯಾರ್ರಿ?" ಎಂದು ಕೇಳಿದಳು.

ಯಂತ್ರದವರು ಬೆಳಗಾವಿ ಕಡೆಯವರೇ, ಮುಂಬೈ ಸೇರಿ ಆ ವಿದ್ಯೆ ಕಲಿತವರು. ಒಳ್ಳೆಯ ಮನುಷ್ಯ. ಅಂಡಿಗೆಯ ಮೇಲೆ ಕುಳಿತು ತಾಳ್ಮೆಯಿಂದ ತಿಳಿಸಿ ಹೇಳಿದರು. "ನೀವು ಹಾಡೂವಾಗ ನಿಮ್ಮ ದನಿ ನಿಮ್ಮ ತಲೀ ಎಲುಬಿನಾಗಿಂದನೂ ನಿಮಗ ಕೇಳ್ಸತೈತಿ. ಅದು ಇನ್ನೊಬ್ಬರಿಗೆ ಇಲ್ಲ. ಇನ್ನ ಆಟದಾಗ ಮಂದಿ ಬರೇ ಕಿವೀಲೆ ಕೇಳೂದಿಲ್ರಿ ಅಕ್ಕಾರ. ನಿಮ್ಮ ಮಾರಿ ನೋಡ್ತಾರ, ತುಟಿ ನೋಡ್ತಾರ. ನೀವು ಅರ್ಧಾ ಅಂದದ್ದನ್ನ ಅವರ ಪೂರಾ ಮಾಡ್ಕೋತಾರ. ಈ ತಗಡಿಗೆ ಕಣ್ಣಿಲ್ಲ. ನಟ್ಟನಡುವಿನ ದನಿ ಅಷ್ಟ ಇದಕ್ಕ ತಿಳೀತೈತಿ. ಸಣ್ಣದ್ದ ತಿಳಿಯೂದಿಲ್ಲ, ಬಾಳ ದೊಡ್ಡದಾದ್ರ ಒದೀತೈತಿ."

"ಹಂಗಾರ ಏನ ಮಾಡೂದ್ರಿ?"

"ಪಟ್ಟಿ ಏರಿಸಿ ಹಾಡ್ಬೇಕು. ಒಂದ ಸಮಾ ಜೋರ್ಲೆ. ಕೊನೀನೂ ಜೋರ್ಲೆ."

ಪೇಟಿಯವರು ಅಕ್ಕನ ಮುಖ ನೋಡಿದರು. ಅವಳು ಹಾಡುತ್ತಿದ್ದುದು ಪೇಟಿಯ ಬಿಳಿ ಒಂದರ ಶ್ರುತಿಯಲ್ಲಿ. ಅದಕ್ಕಿಂತ ಎತ್ತರದ ಬಿಳಿ ಮೂರಕ್ಕೆ ಏರಿಸಬೇಕೆಂದಾಯಿತು. ಜ್ವರ ಬಂದ ಮೇಲೆ ಅವಳು ಆ ಪಟ್ಟಿಯಲ್ಲಿ ಹಾಡಿದ್ದೇ ಇಲ್ಲ.

ಆ ದಿನ ಮಧ್ಯಾಹ್ನ ಮತ್ತು ಮರುದಿನವೆಲ್ಲ ಅದೇ ನಡೆಯಿತು. ಒಂದು ಬಿಲ್ಲೆ ನಾನು ಎಳೆಯುವುದು ಒಂದು ಕ್ಷಣ ತಡವಾಗಿ ಸೂಜಿ ಹಾರಿ ಕೆಟ್ಟಿತು. ಇನ್ನೊಂದು ಕಾವು ಹೆಚ್ಚಾಗಿ ಮೆತ್ತಗಾಗಿ ಗೀರು ಕಲಸಿಕೊಂಡಿತು. ಒಂದಕ್ಕೆ ಎಲ್ಲ ಸರಿಯಿತ್ತು, ಕೊನೆಯ ಸಾಲಿನಲ್ಲಿ ಅಕ್ಕನಿಗೆ ಕೆಮ್ಮು ಬಂತು. ಯಂತ್ರದವರು ಹಲಗೆಯ ಕಿಂಡಿಯಿಂದ ಕೈ ಚಾಚಿ ಸಾಕೆಂದು ತೋರಿಸಿದರು.

ಭುಜ ಹಿಡಿದವಳಿಗೆ ಏನು ಗೊತ್ತಾಗುತ್ತದೆಂದು ಯಾರೂ ನನ್ನನ್ನು ಕೇಳಲಿಲ್ಲ. ಅವಳು ಉಸಿರೆಳೆದಾಗ ಬೆನ್ನಿನೊಳಗೆ ಒಣ ಎಲೆ ತುಳಿದಂಥ ಸದ್ದು ನನ್ನ ಅಂಗೈಗೆ ತಾಕುತ್ತಿತ್ತು. ಮೇಲಿನ ಸ್ವರ ಹಿಡಿದು ನಿಂತಾಗ ಇಡೀ ಮೈ ಬಿಗಿದು ನಡುಗುತ್ತಿತ್ತು. ಮಂದಿಗೆ ಎಂದೂ ಕಾಣದ ಅಕ್ಕ ಅವಳು. ರಂಗದ ಮೇಲೆ ತನ್ನ ಉಸಿರನ್ನು ಬಚ್ಚಿಡಲು ಅವಳಿಗೆ ನಡಿಗೆ ಇತ್ತು, ಸೆರಗಿತ್ತು, ನಾವಿದ್ದೆವು. ಇಲ್ಲಿ ಕಹಳೆಯ ಮುಂದೆ ಏನೂ ಇರಲಿಲ್ಲ. ಎರಡನೆಯ ದಿನ ಸಂಜೆ ಹೊತ್ತಿಗೆ ಅವಳ ಉಗುರುಗಳು ನೀಲಿಗಟ್ಟಿದ್ದವು.

"ಸಾಕ ಮಾಡ ಅಕ್ಕಾ," ಎಂದೆ.

"ಬಾಯಿ ಮುಚ್ಚು. ಇನ್ನೊಂದು," ಎಂದಳು.

ಮುಂದಿನ ಬಿಲ್ಲೆ ಕೂಡಿಬಂತು. ಹಲಗೆಯಾಚೆಯಿಂದ ಯಂತ್ರದವರು ಹೊರಬಂದು, ಬಿಲ್ಲೆಯನ್ನು ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿ, "ಆಳ ಬಿದ್ದಾವು. ಇದು ಹೋಗ್ತೈತಿ," ಎಂದರು. ಆ ಬಿಲ್ಲೆಯನ್ನು ಕೇಳುವಂತಿರಲಿಲ್ಲ. ಹತ್ತಿಯಲ್ಲಿ ಸುತ್ತಿ ಪೆಟ್ಟಿಗೆಗೆ ಇಟ್ಟರು. ಅದು ಕಾರಖಾನೆಗೆ ಹೋಗಿ, ಅಚ್ಚಾಗಿ, ಕರಿಯ ಪ್ಲೇಟುಗಳಾಗಿ ತಿರುಗಿ ಬರಬೇಕು.

ಎಲ್ಲರೂ ಬಾಗಿಲು ತೆರೆದು ಹೊರಗೆ ಹೋದರು. ಅಕ್ಕ ಅಂಡಿಗೆಗೆ ಒರಗಿ ಕುಳಿತೇ ಇದ್ದಳು. ಮಾತು ಬರಲು ಬಹಳ ಹೊತ್ತು ಹಿಡಿಯಿತು.

"ಅದು ನಾ ಅಲ್ಲ," ಎಂದಳು. "ಅವ್ವಗ ಅದು ಗೊತ್ತ ಆಗೂದಿಲ್ಲ. ಯಾವಳೋ ಒದರಾಕತ್ತಾಳ ಅಂತ ಬಂದ ಮಾಡ್ಸತಾಳ."

ಕಪಾಟಿನಲ್ಲಿ ಇನ್ನೊಂದೇ ಬಿಲ್ಲೆ ಉಳಿದಿತ್ತು. ಕೆಟ್ಟ ಬಿಲ್ಲೆಗಳನ್ನು ಹೆರೆದು ನುಣುಪು ಮಾಡಿ ಮತ್ತೆ ಬಳಸುತ್ತಾರೆ. ಅದು ಹಾಗೆ ಹಲವು ಸಲ ಹೆರೆಸಿಕೊಂಡು ಜೋಳದ ಭಕ್ರಿಯಷ್ಟು ತೆಳ್ಳಗಾಗಿತ್ತು. ಕಾರಖಾನೆಗೆ ಕಳಿಸಲು ಬಾರದು ಎಂದು ಯಂತ್ರದವರು ಅದನ್ನು ಬದಿಗೆ ಇಟ್ಟಿದ್ದರು. ನಾನು ಹೊರಗೆ ಹೋಗಿ ಅವರನ್ನು ಕೇಳಿದೆ, ಸಣ್ಣ ದನಿ ಹಿಡಿಯಲು ಯಾವ ದಾರಿಯೂ ಇಲ್ಲವೇ ಎಂದು.

"ಐತಿ," ಎಂದರು. "ಬಾಯಿ ಕಹಳ್ಯಾಗ ಇಟ್ಟ ಹಾಡ್ಬೇಕು. ಪೇಟಿ ಇಲ್ಲ, ತಾಳ ಇಲ್ಲ. ತಲಿ ಕೂದಲೆಳಿಯಷ್ಟೂ ಅಳಗ್ಯಾಡಬಾರದು. ಆದ್ರೂ ಗೀಟ ಬಾಳ ತೆಳುವ ಬೀಳ್ತಾವು. ಕಾರಖಾನ್ಯಾಗ ಅದರ ಅಚ್ಚ ಏಳೂದಿಲ್ಲ. ಉಪಯೋಗ ಏನೈತಿ?"

"ಒಮ್ಮೆ ಕೇಳಾಕ ಬರ್ತೈತಲ್ರಿ?"

"ಒಮ್ಮೆ ಬರ್ತೈತಿ."

"ಹುಕ್ಕೇರ್ಯಾಗ?"

ಅವರು ನನ್ನನ್ನೇ ನೋಡಿದರು. ಪಕ್ಕದಲ್ಲಿದ್ದ ಸಾವಕಾರರು ಮರಾಠಿಯಲ್ಲಿ ಏನೋ ಹೇಳಿದರು, ಇಬ್ಬರೂ ಕೆಲ ಹೊತ್ತು ಮಾತಾಡಿಕೊಂಡರು. ಗ್ರಾಮೋಫೋನಿನ ಉಕ್ಕಿನ ಸೂಜಿ ಹಸಿ ಮೇಣವನ್ನು ನೇಗಿಲಿನಂತೆ ಉಳುತ್ತದೆ, ಅದು ಆಗದು. ಜಾಲಿಯ ಮುಳ್ಳು ಹಾಕಿದರೆ ಆದೀತು, ಒಂದು ಸಲದ ಮಟ್ಟಿಗೆ. ಬಿಲ್ಲೆ ತೆಳ್ಳಗಿರುವುದರಿಂದ ಪೆಟ್ಟಿಗೆಯ ತೋಳಿನ ಕೆಳಗೆ ಹಿಡಿಸುತ್ತದೆ. ದಾರಿಯಲ್ಲಿ ಬಿಸಿಲು ತಾಕಬಾರದು.

ಅಕ್ಕನಿಗೆ ಹೇಳಿದೆ. ಅವಳು ಎದ್ದು ನಿಂತಳು. ಯಾವ ಪದ ಎಂದು ಯಾರೂ ಕೇಳಲಿಲ್ಲ. ನಾನು ಅವಳ ಕತ್ತಿನ ಹಿಂದೆ ಒಂದು ಕೈ, ಹಣೆಗೆ ಒಂದು ಕೈ ಕೊಟ್ಟು, ಗಲ್ಲ ಕಹಳೆಯ ಅಂಚಿಗೆ ತಾಗುವಂತೆ ಹಿಡಿದುಕೊಂಡೆ. ಕಿಂಡಿಯಲ್ಲಿ ಕೈ ಆಡಿತು. ಅವಳು ಬೀಸುವ ಪದ ಹಾಡಿದಳು. ಮೇಳದ್ದಲ್ಲ, ಮನೆಯದು. ತಾಯಿಯ ಎದುರಿಗೆ ಕುಳಿತು ಬೀಸುಕಲ್ಲಿನ ಗೂಟ ಹಿಡಿದು ಕಲಿತದ್ದು. ಆ ದನಿಗೆ ಬಲ ಬೇಕಿರಲಿಲ್ಲ. ಅವಳ ಬೆನ್ನು ನನ್ನ ಎದೆಗೆ ತಾಗಿತ್ತು; ಆ ಎರಡು ದಿನಗಳಲ್ಲಿ ಮೊದಲ ಸಲ ಅದು ನಡುಗಲಿಲ್ಲ. ನಡುವೆ ಒಂದೆಡೆ ಉಸಿರು ನಿಂತು, ಮತ್ತೆ ಸಿಕ್ಕಿತು. ಅದನ್ನೂ ಮೇಣ ಹಿಡಿದಿರಬೇಕು.

ಯಂತ್ರದವರು ಬಿಲ್ಲೆಯನ್ನು ಭೂತಗನ್ನಡಿಯಲ್ಲಿ ನೋಡಿ ಹೌದೆಂದಾಗಲಿ ಅಲ್ಲವೆಂದಾಗಲಿ ಹೇಳಲಿಲ್ಲ. ಹತ್ತಿ ಸುತ್ತಿ ತಗಡಿನ ಡಬ್ಬಿಯಲ್ಲಿಟ್ಟು ನನ್ನ ಕೈಗೆ ಕೊಟ್ಟರು. ಅಕ್ಕನಿಗೆ ಕೇಳುವ ಆಸೆ ಇದ್ದೇ ಇತ್ತು. ಡಬ್ಬಿಯ ಮೇಲೆ ಕೈಯಿಟ್ಟು, ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ತಾನು ಕೇಳಿದರೆ ತಾಯಿಗೆ ಉಳಿಯುವುದಿಲ್ಲ.

ಅವಳು ಬರುವ ಸ್ಥಿತಿಯಲ್ಲಿರಲಿಲ್ಲ. ಮೇಳದ ಮಾಸ್ತರರು ಅವಳನ್ನು ಗಾಡಿಯಲ್ಲಿ ಮಲಗಿಸಿಕೊಂಡು ಮೇಲವಂಕಿಯ ತಮ್ಮ ಮನೆಗೆ ಕರೆದೊಯ್ದರು. ನಾನು ಸಾವಕಾರರ ಜೊತೆ ಅವರ ಕಮಾನುಗಾಡಿಯಲ್ಲಿ ಕುಳಿತು ಬೆಳಗಿನ ತಂಪಿನಲ್ಲೇ ಗೋಕಾಕದ ದಾರಿ ಹಿಡಿದೆ. ಡಬ್ಬಿಗೆ ಹಸಿ ಗೋಣಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಗಾಲಿ ಕಲ್ಲಿಗೆ ಹತ್ತಿದಾಗಲೆಲ್ಲ ಎರಡೂ ಕೈಯಲ್ಲಿ ಎತ್ತಿ ಹಿಡಿಯುತ್ತಿದ್ದೆ. ಬಿಸಿಲೇರಿದ ಮೇಲೆ ಗೋಕಾಕದಲ್ಲಿ ಸಾವಕಾರರ ಮನೆಯ ನೀರಿನ ಹರವಿಗಳ ಸಾಲಿನಲ್ಲಿ, ನೆಲದ ತಂಪಿಗೆ ಡಬ್ಬಿ ಇಟ್ಟೆವು. ಅವರ ಮನೆಯವರು ಹೊತ್ತು ಮುಳುಗುವ ಮೊದಲೇ ಉಂಡು, ನನಗೂ ಬಡಿಸಿದರು. ಮರುದಿನ ನಸುಕಿನಲ್ಲಿ ಹೊಳೆ ದಾಟಿ ಹುಕ್ಕೇರಿಯ ಕಡೆ ಹೊರಟೆವು. ದಾರಿಯಲ್ಲಿ ಸಾವಕಾರರು ಒಂದು ಜಾಲಿಯ ಗಿಡದ ಬಳಿ ಗಾಡಿ ನಿಲ್ಲಿಸಿ, ಮುಳ್ಳು ಆರಿಸಿ ಆರಿಸಿ ಕಿತ್ತುಕೊಂಡರು.

ಅಣ್ಣನ ಮನೆ ಪೇಟೆಯ ಹಿಂದಿನ ಓಣಿಯಲ್ಲಿತ್ತು. ಸಾವಕಾರರನ್ನು ಕಂಡು ಅವರು ಗೌರವದಿಂದ ಒಳಗೆ ಕರೆದರು. ನನ್ನನ್ನು ಸಾವಕಾರರ ಮನೆಯ ಆಳೆಂದು ತಿಳಿದಿರಬೇಕು. ಎತ್ತರದ ಮನುಷ್ಯ, ಅಕ್ಕನದೇ ಮೂಗು.

"ಹೊಸಾ ನಮೂನಿ ಪ್ಲೇಟ್ ತಂದೇನ್ರಿ," ಎಂದರು ಸಾವಕಾರರು. "ನಿಮ್ಮ ಪೆಟಗೀ ಮ್ಯಾಲ ಒಮ್ಮೆ ಹಚ್ಚಿ ನೋಡೂಣು. ತಾಯಿ ಎಚ್ಚರದಾಗ ಅದಾರೇನು?"

ತಾಯಿ ಗೋಡೆಯ ಪಕ್ಕದ ಹೊರಸಿನ ಮೇಲಿದ್ದರು. ಬಲಗೈ ಒಂದೇ ಸ್ವಾಧೀನದಲ್ಲಿತ್ತು. ಪೆಟ್ಟಿಗೆ ಅವರ ತಲೆಯ ಕಡೆಯ ಗೋಡೆಗೂಡಿನಲ್ಲಿತ್ತು. ಬಿಸಿಲು ಬರುತ್ತದೆಂದು ನಾನೇ ಹೇಳಿ ಬೀದಿ ಬಾಗಿಲು ಮುಚ್ಚಿಸಿದೆ. ಸಾವಕಾರರು ಉಕ್ಕಿನ ಸೂಜಿ ತೆಗೆದು, ಮುಳ್ಳಿನ ತುದಿಯನ್ನು ಚೂರಿಯಿಂದ ಚೂಪು ಮಾಡಿ ಸಿಕ್ಕಿಸಿದರು. ಬಿಲ್ಲೆಯ ಅಂಚು ಸ್ವಲ್ಪ ಬಾಗಿತ್ತು. ಅವರು ಕೀಲಿ ಕೊಟ್ಟು, ತೋಳನ್ನು ಬೆರಳಿನಲ್ಲೇ ಅರ್ಧ ಎತ್ತಿ ಹಿಡಿದು, ಭಾರ ಬೀಳದಂತೆ ಇಳಿಸಿದರು.

ಸೊರ ಸೊರ ಎನ್ನುವ ಸದ್ದೇ ಬಹಳ ಹೊತ್ತು ಬಂತು. ಆಮೇಲೆ ಅದರ ಹಿಂದಿನಿಂದ, ಪಕ್ಕದ ಕೋಣೆಯಲ್ಲಿ ಯಾರೋ ಕೆಲಸ ಮಾಡುತ್ತ ಹಾಡಿಕೊಳ್ಳುವಂತೆ, ಅಕ್ಕ. ಪೆಟ್ಟಿಗೆಯ ದನಿಯಂತಿರಲೇ ಇಲ್ಲ.

ಅಣ್ಣ ಗುರುತು ಹಿಡಿದರು. ಮುಖ ಕಪ್ಪಿಟ್ಟಿತು. ಪೆಟ್ಟಿಗೆಯ ಕಡೆ ಒಂದು ಹೆಜ್ಜೆ ಇಟ್ಟರು. ಅಷ್ಟರಲ್ಲಿ ತಾಯಿಯ ಬಲಗೈ ಮೇಲೆದ್ದಿತು. ಅವರು ಅಲ್ಲೇ ನಿಂತರು.

"ಬಾಗಲಾ ತಗಿಯೋ," ಎಂದರು ತಾಯಿ. ನಾಲಿಗೆ ತೊಡರುತ್ತಿತ್ತು, ಮಾತು ಮಾತ್ರ ತಿಳಿಯಿತು. "ಹೊರಗ ನಿಂತಾಳ. ಬಾಗಲಾ ತಗಿ."

"ಅವ್ವಾ, ಅದು ಪೆಟಗಿ."

"ಬಾಗಲಾ ತಗಿ ಅಂದ್ನಿ."

ಅಣ್ಣ ಹೋಗಿ ಅಗುಳಿ ತೆಗೆದರು. ಬಾಗಿಲು ಪೂರ್ತಿ ತೆರೆದರು. ಓಣಿಯಲ್ಲಿ ಬಿಸಿಲಿತ್ತು, ಒಂದು ಎಮ್ಮೆ ನಡೆದು ಹೋಗುತ್ತಿತ್ತು. ಹಾಡು ಒಳಗೆ ಪೆಟ್ಟಿಗೆಯಿಂದ ಬರುತ್ತಿದೆ ಎಂದು ಆ ಮನುಷ್ಯನಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಅವರು ಹೊಸ್ತಿಲಲ್ಲಿ ನಿಂತು ಎಡಕ್ಕೊಮ್ಮೆ, ಬಲಕ್ಕೊಮ್ಮೆ ನೋಡಿದರು.

ಹಾಡು ಮುಗಿಯಿತು.

"ಹ್ವಾದ್ಳೇನು?" ಎಂದು ತಾಯಿ ಕೇಳಿದರು. "ಕರೀರಿ. ಇನ್ನೊಮ್ಮೆ ಕರೀರಿ."

ಸಾವಕಾರರು ನನ್ನ ಮುಖ ನೋಡಿದರು. ಮುಳ್ಳಿನ ತುದಿಯಲ್ಲಿ ಮೇಣದ ಎಳೆ ಸುತ್ತಿಕೊಂಡು ನಿಂತಿತ್ತು, ಬಿಲ್ಲೆಯ ಮೇಲೆ ಹುಡಿ. ಬೇರೆ ಮುಳ್ಳು ಹಾಕಿ ಇನ್ನೊಮ್ಮೆ ಇಟ್ಟರು. ಕಾಳು ಹಾಕದೆ ಬೀಸುಕಲ್ಲು ತಿರುಗಿಸಿದಂಥ ಸದ್ದು ಬಂತು, ಕೊನೆಯವರೆಗೂ ಅಷ್ಟೇ. ತಾಯಿ ಕೊನೆಯವರೆಗೂ ಕೇಳಿದರು.

ಅಣ್ಣ ನಮಗೆ ಬೈಯಲಿಲ್ಲ. ಬಾಗಿಲಲ್ಲಿ ನಿಂತೇ ಇದ್ದರು. ನಾವು ಅವರ ಪಕ್ಕದಿಂದ ಸರಿದು ಹೊರಗೆ ಬಂದೆವು.

ಮೇಲವಂಕಿಗೆ ಬಂದಾಗ ಅಕ್ಕ ದಿಂಬುಗಳಿಗೆ ಒರಗಿ ಕುಳಿತೇ ಇದ್ದಳು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ.

"ಅವ್ವಗ ಗೊತ್ತಾತೇನು, ನಾ ಅಂತ?"

"ಮೊದಲ್ನೇ ಸಾಲಿಗೇ ಗೊತ್ತಾತು. ಬಾಗಲಾ ತಗೀರಿ, ಹೊರಗ ನಿಂತಾಳ ಅಂದ್ರು."

"ತಗದ್ರ?"

"ತಗದ್ರು."

"ಯಾರು?"

"ನಿಮ್ಮಣ್ಣಾರು."

ಅವಳು ಕಣ್ಣು ಮುಚ್ಚಿದಳು. ತೆರೆದ ಬಾಗಿಲಾಚೆ ಯಾರಿದ್ದರೆಂದು ಅವಳು ಕೇಳಲಿಲ್ಲ, ಯಾರೂ ಇರಲಿಲ್ಲವೆಂದು ನಾನು ಹೇಳಲಿಲ್ಲ. "ಬಾಗಲಾ ತಗದ್ರಂತ," ಎಂದು ಮಾಸ್ತರರ ಹೆಂಡತಿಗೆ ತಾನೇ ಒಮ್ಮೆ ಹೇಳಿದಳು. ಹೋಳಿ ಹುಣ್ಣಿಮೆಗೆ ಮೊದಲು ತೀರಿಕೊಂಡಳು. ಹುಕ್ಕೇರಿಗೆ ಸುದ್ದಿ ಕಳಿಸಿದೆವು. ಯಾರೂ ಬರಲಿಲ್ಲ.

ಮಳೆ ಬಿದ್ದ ಮೇಲೆ ಪ್ಲೇಟು ಬಂತು. ಸಾವಕಾರರ ಅಂಗಡಿಯ ಮುಂದೆ ಗೋಕಾಕದ ಜನ ನೆರೆದು ಕೇಳಿದರು. ಕೊಣ್ಣೂರಿನಿಂದಲೂ ಬಂದರು. ಬಿಳಿ ಮೂರರ ಪಟ್ಟಿಯಲ್ಲಿ, ಒಂದೇ ಸಮ, ಗಟ್ಟಿಯಾಗಿ, ಎಲ್ಲಿಯೂ ಮುರಿಯದ ದನಿ. ಆಟ ನೋಡಿದ್ದ ಹಳಬರು, ಇದು ಅಕಿ ಅಲ್ಲ ಬಿಡ್ರಿ ಎಂದು ಎದ್ದು ಹೋದರು. ಅವಳನ್ನು ನೋಡದಿದ್ದವರಿಗೆ ಬಹಳ ಹಿಡಿಸಿತು. ಅವರೇ ಹೆಚ್ಚಿದ್ದರು. ನಾನೂ ಗುಂಪಿನಲ್ಲಿ ನಿಂತು ಕೇಳಿದೆ. ನನಗೆ ಹಾಡು ಕೇಳಲಿಲ್ಲ. ಪ್ರತಿ ಸಾಲಿಗೂ ಬೆನ್ನಿನೊಳಗಿನ ಆ ಒಣ ಸದ್ದು ಅಂಗೈಗೆ ಬರುತ್ತಿತ್ತು. ಅದು ಪ್ಲೇಟಿನಲ್ಲಿ ಮೂಡಿರಲಿಲ್ಲ.

ಅಕ್ಕನ ಪಾತ್ರ ನನಗೆ ಬಂತು. ಮೊದಮೊದಲು ಅವಳು ಹಾಡುತ್ತಿದ್ದಂತೆ ತಗ್ಗಿನಲ್ಲಿ ಹಾಡಿದೆ. ಮಂದಿ ಕೂಗಿದರು: "ಪ್ಲೇಟಿನಾಗ ಹಿಂಗಿಲ್ಲ, ಪ್ಲೇಟಿನಂಗ ಹಾಡ್ರಿ!" ಪೇಟಿಯವರು ಪಟ್ಟಿ ಏರಿಸಿದರು. ನನ್ನ ಎದೆ ಗಟ್ಟಿಯಿತ್ತು, ಹಾಡಿದೆ. ಅರ್ಧ ತಾಸಿನ ಪದ ಮೂರು ನಿಮಿಷದ್ದಾಗಿ ಹಾಗೇ ಉಳಿಯಿತು. ಬೇರೆ ಮೇಳದವರೂ ಅದನ್ನೇ ಕಲಿತರು.

ಮುಂದಿನ ಸುಗ್ಗಿಯಲ್ಲಿ ಮೇಲವಂಕಿಯಲ್ಲೇ ಆಟವಿತ್ತು. ಹೊತ್ತು ಮುಳುಗುವ ಮುಂಚೆ ನಾನು ಬಣ್ಣ ಹಚ್ಚಿಕೊಳ್ಳುತ್ತ ಕುಳಿತಿದ್ದೆ. ಹಂದರದ ಹೊರಗೆ ಹುಕ್ಕೇರಿಯ ಅಣ್ಣ ಬಂದು ನಿಂತಿದ್ದರು. ಆಟದ ಜಾಗಕ್ಕೆ ಅವರು ಕಾಲಿಟ್ಟದ್ದು ಬಹುಶಃ ಅದೇ ಮೊದಲು. ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಕೈ ಹಿಂದೆ ಕಟ್ಟಿಕೊಂಡಿದ್ದರು.

"ಅವತ್ತ ನೀವು ತಂದ ಪ್ಲೇಟ್ ಇನ್ನೊಂದ ಐತೇನ್ರಿ?" ಎಂದು ಕೇಳಿದರು.

"ಇಲ್ರಿ. ಅಂಥಾದ್ದು ಒಂದ ಇತ್ತು."

"ಅಂಗಡ್ಯಾಗಿಂದು ತಗೊಂಡ ಹೋಗಿ ಹಚ್ಚಿದ್ನಿ. ಅವ್ವ ಬಂದ ಮಾಡ್ಸಿದ್ಳು. ಯಾರ ಇವಳು, ಯಾಕ ಒದರ್ತಾಳ ಅಂದ್ಳು." ಹಿಂದೆ ಕಟ್ಟಿದ ಕೈ ಬಿಟ್ಟರು. "ನಿಮಗ ಆ ಬೀಸೂ ಪದಾ ಬರ್ತೈತೇನು? ನಮ್ಮನಿಗೆ ಬಂದ ಒಮ್ಮೆ ಹಾಡ್ತೀರಿ?"

"ಪದಾ ಬರ್ತೈತ್ರಿ. ದನಿ ಎಲ್ಲಿಂದ ತರ್ಲಿ?"

ಅವರು ತಲೆಯಾಡಿಸಿದರು. ಅದನ್ನು ಅವರೂ ಯೋಚಿಸಿದ್ದಂತಿತ್ತು.

"ಅವ್ವ ಬಾಗಲಾ ಹಾಕಾಕ ಬಿಡವಲ್ಲಳ್ರಿ," ಎಂದರು. "ಬಾಗಲಾ ಹಾಕಿದ್ರ ಊಟಾ ಬಿಡ್ತಾಳ. ಮಳ್ಯಾಗೂ ತಗದ ಇಡಬೇಕು. ಬರ್ತಾಳ, ನಿಂತ ತಿರುಗಿ ಹೋಗ್ತಾಳ ಅಂತಾಳ."

"ಅಕ್ಕ ತೀರಕೊಂಡದ್ದು ಅವರಿಗೆ ಹೇಳಿಲ್ಲೇನ್ರಿ?"

ಅಣ್ಣ ನೆಲ ನೋಡಿದರು. "ಹೇಳಿದ್ದೆ," ಎಂದರು. "ಅಕಿ ಮೇಳಾ ಸೇರಿದ ವರ್ಷನ ಹೇಳಿದ್ದೆ, ಸತ್ತಾಳಂತ. ಅವ್ವ ಖರೇ ಅಂತ ತಿಳದು ಅತ್ತಿದ್ಳು. ಆ ದನಿ ಕೇಳಿ ಅದು ಸುಳ್ಳಂತ ಗೊತ್ತಾತು. ಈಗ ಎರಡನೇ ಸಲ ಹೆಂಗ ಹೇಳ್ಲಿ?"

ಒಳಗೆ ಪೇಟಿಯವರು ಬಿಳಿ ಮೂರು ಹಿಡಿದು ಕರೆಯುತ್ತಿದ್ದರು. ಕನ್ನಡಿಯನ್ನು ಕೆಳಗಿಟ್ಟು ನಾನು ಎದ್ದೆ.